ತೂಬಿನ ಸ್ಟಾಪಿನಲ್ಲಿ ಯಾರೂ ಕಾಯುವುದಿಲ್ಲ

ಬಸ್ಸು ಎಂದರೇನು ಎಂದು ನನಗೆ ಹೇಳಿಕೊಡಲು ಬಂದವರೆಲ್ಲ ಜೀಪಿನಲ್ಲಿ ಬಂದರು. ಅವರಲ್ಲಿ ಒಬ್ಬನಾದರೂ ಬಸ್ಸು ಹತ್ತಿ ಬಂದಿದ್ದರೆ ನಾನು ಇದನ್ನು ಬರೆಯುವ ಕಷ್ಟವೇ ಇರುತ್ತಿರಲಿಲ್ಲ.

ನಾನು ಏಳನೇ ಕ್ಲಾಸು ಮುಗಿಸದೆ ಶಾಲೆ ಬಿಟ್ಟವನು. ಮೊದಲು ಬಸ್ಸು ತೊಳೆದೆ, ಆಮೇಲೆ ಟಾಪಿನ ಮೇಲೆ ಮೂಟೆ ಏರಿಸಿದೆ, ಟಿಕೆಟ್ ಹರಿದೆ, ಕೊನೆಗೆ ಸ್ಟೇರಿಂಗ್ ಹಿಡಿದೆ. ಹಿಡಿದು ಇಪ್ಪತ್ತೆಂಟು ವರ್ಷವಾಯಿತು. ಖಾಸಗಿ ಬಸ್ಸು. ಬೆಳಗ್ಗೆ ಮಳವಳ್ಳಿ ಬಿಟ್ಟು, ಕೊತ್ತತ್ತಿ ಕಡೆಯ ನಾಲೆ ಬಯಲಿನ ಹಳ್ಳಿಗಳನ್ನು ಸುತ್ತಿಕೊಂಡು ಮಂಡ್ಯ ಸೇರುತ್ತೇನೆ. ಮಂಡ್ಯದಿಂದ ಮದ್ದೂರು, ಮದ್ದೂರಿನಿಂದ ಮತ್ತೆ ಮಳವಳ್ಳಿ. ಈ ಮೂರು ಊರುಗಳ ನಡುವೆ ನಾನು ಸವೆಸಿದ ಟೈರುಗಳನ್ನು ಯಾವ ಎಂಜಿನಿಯರೂ ಎಣಿಸಿಲ್ಲ. ನನ್ನದು ಎಂದು ಹೇಳಿಕೊಳ್ಳಲು ನನಗಿರುವುದು ಒಂದೇ ಸಂಗತಿ: ನಾನು ಲೇಟಾಗುವವನಲ್ಲ.

ತೂಬಿನ ಸ್ಟಾಪಿಗೆ ಆರು ಐವತ್ತು ಎಂದರೆ ಆರು ಐವತ್ತು. ತೂಬಿನ ಸ್ಟಾಪು ಎಂದರೆ ದೊಡ್ಡದೇನಲ್ಲ, ನಾಲೆಯಿಂದ ಗದ್ದೆಗೆ ನೀರು ಬಿಡುವ ತೂಬಿನ ಪಕ್ಕ ಬಸ್ಸು ನಿಲ್ಲುವ ಜಾಗ. ಬೋರ್ಡಿಲ್ಲ, ಸೂರಿಲ್ಲ. ನನ್ನ ಅಕ್ಕನನ್ನು ಕೊಟ್ಟಿರುವುದು ಅಲ್ಲಿಯ ಹಳ್ಳಿಗೆ. ಅಕ್ಕ ಬೆಳಕು ಹರಿಯುವಾಗ ದಂಟು, ಕೀರೆ, ಸಬ್ಬಸಿಗೆ ಸೊಪ್ಪು ಕಿತ್ತು, ತೂಬಿನ ನೀರಿನಲ್ಲಿ ಅದ್ದಿ, ಕಟ್ಟು ಕಟ್ಟಿ, ಮಂಕರಿಗೆ ತುಂಬಿಕೊಂಡು ನನ್ನ ಬಸ್ಸು ಹತ್ತುತ್ತಾಳೆ. ಮಂಡ್ಯದಲ್ಲಿ ಇಳಿದು ಗುತ್ತಲಿನ ಬೀದಿಗಳಲ್ಲಿ ಮನೆಮನೆಗೆ ಮಾರುತ್ತಾಳೆ. ಅಲ್ಲಿರುವವರು ಮೇಷ್ಟ್ರುಗಳು, ಆಫೀಸಿನವರು. ಡಬ್ಬಿ ಕಟ್ಟುವ ಮೊದಲೇ ಸೊಪ್ಪು ಬಾಗಿಲಿಗೆ ಬರಬೇಕು. ಸ್ವಲ್ಪ ತಡವಾದರೆ ತಳ್ಳುಗಾಡಿಯವನ ಹತ್ತಿರ ಕೊಂಡುಬಿಡುತ್ತಾರೆ.

ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ, ನನ್ನದರಲ್ಲಿ ಉಂಟು. ಆದರೂ ಅಕ್ಕ ಹತ್ತುವುದು ನನ್ನ ಬಸ್ಸನ್ನೇ. ಅದು ತಮ್ಮನ ಮೇಲಿನ ಪ್ರೀತಿಗಲ್ಲ. ಸರ್ಕಾರಿ ಬಸ್ಸು ಆ ಕಡೆ ತಲೆ ಹಾಕುವುದು ಒಂಬತ್ತೂವರೆಗೆ. "ಬಿಟ್ಟಿ ಬಸ್ಸು ಅಂತ ಬಾಡೋದ್ ಸೊಪ್ಪ ಒತ್ಕೊಂಡೋಗ್ಲೇನ್ಲಾ?" ಎಂದು ನನ್ನನ್ನೇ ಕೇಳುತ್ತಾಳೆ, ಆ ಬಸ್ಸನ್ನೂ ನಾನೇ ಬಿಟ್ಟಿದ್ದೇನೋ ಎಂಬಂತೆ.

ಈ ಸ್ಟಾಪಿನಲ್ಲಿ ಯಾರೂ ನಿಂತು ಕಾಯುವುದಿಲ್ಲ. ನಾಲೆ ಸೇತುವೆಗೆ ಬಂದಾಗ ನಾನು ಹಾರ್ನ್ ಹೊಡೆಯುತ್ತೇನೆ: ಎರಡು ಉದ್ದ, ಒಂದು ಗಿಡ್ಡ. ಸೇತುವೆಯಿಂದ ಏರಿಯ ಮೇಲೆ ಬಸ್ಸು ತೆವಳಿಕೊಂಡು ತೂಬಿಗೆ ಬರುವಷ್ಟರಲ್ಲಿ ಡೇರಿಗೆ ಹಾಲು ಹಾಕುತ್ತಿದ್ದವಳು ಕ್ಯಾನು ಮುಚ್ಚಿ ಓಡಿ ಬರುತ್ತಾಳೆ, ಗದ್ದೆಯಲ್ಲಿದ್ದವನು ಕಾಲು ತೊಳೆದು ಬರುತ್ತಾನೆ, ಅಕ್ಕ ಮಂಕರಿಯನ್ನು ನೀರಿನಿಂದ ಎತ್ತಿ ತಲೆಗೆ ಇಟ್ಟುಕೊಳ್ಳುತ್ತಾಳೆ. ಬಸ್ಸು ನಿಲ್ಲುವುದಕ್ಕೂ ಅವರು ಬರುವುದಕ್ಕೂ ಸರಿಹೋಗುತ್ತದೆ. ಹತ್ತು ಹನ್ನೆರಡು ಜನ, ದಿನವೂ. ಇಪ್ಪತ್ತೆಂಟು ವರ್ಷ ಒಂದು ದಿನವೂ ತಪ್ಪದೆ ಬಂದದ್ದಕ್ಕೆ ಆ ಜನ ನನಗೆ ಕೊಟ್ಟ ಮರ್ಯಾದೆ ಅದು. ಅವರು ಕಾಯುವುದನ್ನೇ ಮರೆತಿದ್ದರು.

ಈ ರಸ್ತೆಯನ್ನು ಅಗಲ ಮಾಡುತ್ತಾರೆ ಎಂಬ ಸುದ್ದಿ ಬಂತು. ನಾಲೆಯ ಉದ್ದಕ್ಕೂ ಕಬ್ಬಿಣದ ತಡೆ, ಅಲ್ಲಲ್ಲಿ ಬಸ್ಸು ನಿಲ್ಲಲು ಜಾಗ, ಅದಕ್ಕೊಂದು ತಂಗುದಾಣ. ಯಾವ ಸ್ಟಾಪು ಉಳಿಯಬೇಕು, ಯಾವುದು ಹೋಗಬೇಕು ಎಂದು ತೂಗಿ ನೋಡಲು ಒಂದು ತಂಡ ಬಂತು. ಅದರ ಮುಖ್ಯಸ್ಥ ಒಬ್ಬ ಎಂಜಿನಿಯರು, ಮೂವತ್ತೈದರ ಆಸುಪಾಸು, ತಲೆಗೆ ಟೋಪಿ, ಕೈಯಲ್ಲಿ ಸ್ಲೇಟಿನಂಥ ಫೋನು. ಒಳ್ಳೆಯ ಮಾತಿನ ಮನುಷ್ಯ, ಅದನ್ನು ಇಲ್ಲವೆನ್ನುವುದಿಲ್ಲ. ಆದರೆ ಅವನು ತೂಗುವ ತಕ್ಕಡಿಯಲ್ಲಿ ನಮ್ಮ ಕಡೆಯ ತಟ್ಟೆಗೆ ತಳವೇ ಇರಲಿಲ್ಲ.

ಮೊದಲನೆಯ ದಿನ ಅವನ ಹುಡುಗರು ನನ್ನ ಬಸ್ಸಿನ ಬಾಗಿಲಲ್ಲಿ ನಿಂತು, ಹತ್ತುವವರನ್ನೆಲ್ಲ ಕೇಳಿದ ಮೊದಲ ಪ್ರಶ್ನೆ: "ಎಲ್ಲಿಗೆ ಹೋಗ್ತಿದ್ದೀರಾ?"

ಮನೆಯಿಂದ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು ಎಂಬುದು ನಮ್ಮಲ್ಲಿ ಕೂಸಿಗೂ ಗೊತ್ತು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ತಿಳಿದವರು "ದೂರ ಹೊರಟ್ರಾ?" ಎನ್ನುತ್ತಾರೆ, ಉತ್ತರ ಕೊಡುವವರು "ಇಲ್ಲೇ" ಎನ್ನುತ್ತಾರೆ, ಮೈಸೂರಿಗೆ ಹೊರಟಿದ್ದರೂ ಸರಿಯೇ. ಅವತ್ತು ಮಳವಳ್ಳಿಯಿಂದ ಮಂಡ್ಯದವರೆಗೆ ಹತ್ತಿದವರೆಲ್ಲ "ಇಲ್ಲೇ" ಎಂದರು. ಹುಡುಗರು ಅದನ್ನೇ ಬರೆದುಕೊಂಡರು. ಒಬ್ಬ ಮುದುಕ ಮಾತ್ರ ಪ್ರಶ್ನೆ ಕೇಳಿದ್ದೇ ತಡ ಕೆಳಗಿಳಿದ.

"ಯಾಕಜ್ಜ, ಇಳ್ದ್‌ಬುಟ್ಟೆ?" ಎಂದ ನಮ್ಮ ಕಂಡಕ್ಟರು.

"ಕೋರ್ಟ್ ಕೆಲ್ಸಕ್ ಒಂಟಿವ್ನಿ ಕಣಪ್ಪ. ಮೊಕದ್ ಮ್ಯಾಲೆ ಕೇಳ್ಬುಟ್ಟ ನೋಡು ಮಾರಾಯ. ಮನೆಗೋಗಿ ಒಂದ್ ಗುಟ್ಕು ನೀರ್ ಕುಡ್ಕಂಡು ಇನ್ನೊಂದ್ ಬಸ್ಸಿಗ್ ಬತ್ತೀನಿ."

ಆ ಮುದುಕನ ಹೆಸರಿನ ಮುಂದೆ ಏನು ಬರೆದರೋ ನನಗೆ ಗೊತ್ತಿಲ್ಲ. ಪ್ರಯಾಣ ರದ್ದು ಎಂದು ಬರೆದಿರಬೇಕು.

ಅಕ್ಕನಿಗೂ ಪ್ರಶ್ನೆ ಬಂತು. ಉದ್ಯೋಗ ಏನಮ್ಮ? ಅಕ್ಕ ಸೆರಗು ಸರಿಮಾಡಿಕೊಂಡು, "ಏನಿಲ್ಲ ಕಣಪ್ಪ, ಮನೇಲೇ ಇರ್ತೀನಿ" ಎಂದಳು. ಕಾಲ ಬಳಿ ಮಂಕರಿಯಿಂದ ನೀರು ಸೋರಿ ಹುಡುಗನ ಬೂಟು ನೆನೆಯುತ್ತಿತ್ತು. ಅಕ್ಕನದು ಜಮೀನಿರುವ ಮನೆ. ಆ ಮನೆಯ ಸೊಸೆ ಬೀದಿಯಲ್ಲಿ ಸೊಪ್ಪು ಮಾರುತ್ತಾಳೆ ಎಂದು ಗೊತ್ತಿಲ್ಲದವರ ಎದುರು ಹೇಳುವ ವಾಡಿಕೆ ಇಲ್ಲ. ಊರಿಗೆಲ್ಲ ಗೊತ್ತು, ಹೇಳುವುದಿಲ್ಲ ಅಷ್ಟೇ. ಮಂಕರಿ ಕಣ್ಣಿಗೆ ಬಿದ್ದರೂ ಹುಡುಗ ಬಾಯಿಂದ ಬಂದದ್ದನ್ನೇ ಬರೆದ. ಅವನಿಗೆ ಹಾಗೆಯೇ ಹೇಳಿಕೊಟ್ಟಿದ್ದರು. ಎಲ್ಲಿ ಹತ್ತಿದಳು ಎಂದು ಬರೆಯಲು ಅವನ ಹಾಳೆಯಲ್ಲಿ ಜಾಗವೇ ಇರಲಿಲ್ಲ.

ಇದರಿಂದ ಏನಾಗುತ್ತದೆ ಎಂದು ನನಗೆ ಆಮೇಲೆ ತಿಳಿಯಿತು. ಎಂಜಿನಿಯರು ಒಂದು ದಿನ ಮಂಡ್ಯದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಜೊತೆ ಟೀ ಕುಡಿಯುತ್ತಾ ವಿವರಿಸಿದ. ಯಾವ ಯೋಜನೆಯನ್ನೇ ಆಗಲಿ ಅದರಿಂದ ಜನರಿಗೆ ಉಳಿಯುವ ಸಮಯದಿಂದ ಅಳೆಯುತ್ತಾರಂತೆ. ಸಮಯಕ್ಕೆ ಬೆಲೆ ಕಟ್ಟುತ್ತಾರಂತೆ. ಸಂಬಳದವರ ಒಂದು ಗಂಟೆಗೆ ಒಂದು ಬೆಲೆ, ಮನೆಯಲ್ಲೇ ಇರುವವರ ಗಂಟೆಗೆ ಅದಕ್ಕಿಂತ ತೀರಾ ಕಡಿಮೆ.

"ಅಂದ್ರೆ ಗುತ್ತಲಿನ ಮೇಷ್ಟ್ರ ಗಂಟೆ ದೊಡ್ದು, ಅವ್ರ ಡಬ್ಬಿಗೆ ಸೊಪ್ಪು ಕೊಡೋಳ ಗಂಟೆ ಚಿಕ್ದು" ಎಂದೆ.

"ಹಾಗಲ್ಲ ಡ್ರೈವರೇ. ಇದು ಎಲ್ಲಾ ಕಡೆ ಒಪ್ಪಿಕೊಂಡಿರೋ ವಿಧಾನ."

ಎಲ್ಲಾ ಕಡೆ ಒಪ್ಪಿಕೊಂಡಿದ್ದಾರೆ, ನನ್ನ ಅಕ್ಕನನ್ನು ಮಾತ್ರ ಕೇಳಿಲ್ಲ. ನಾನು ಟೀ ಗ್ಲಾಸು ಇಟ್ಟೆ. ಆಗಲೇ ಅವನು ತೂಬಿನ ಸ್ಟಾಪಿನ ವಿಷಯ ಎತ್ತಿದ್ದು. ಅದು ಪಟ್ಟಿಯಲ್ಲಿ ಇಲ್ಲ ಎಂದ. ರಸ್ತೆಯಾದ ಮೇಲೆ ಬಸ್ಸು ಅಲ್ಲಿ ನಿಲ್ಲುವಂತಿಲ್ಲ, ತಡೆಯಲ್ಲಿ ಸಂದು ಬಿಡುವುದಿಲ್ಲ, ಹತ್ತಬೇಕಾದವರು ಒಂದೂವರೆ ಮೈಲಿ ಮುಂದಿನ ಸ್ಟಾಪಿಗೆ ನಡೆಯಬೇಕು.

"ಯಾಕ್ ಸಾರ್?"

"ಅಲ್ಲಿ ಜನಾನೇ ಇಲ್ವಲ್ರೀ. ಮೂರು ದಿನ ಬೆಳಗ್ಗೆ ಕಾಲು ಗಂಟೆಗೊಂದ್ ಸಲ ಜೀಪಲ್ಲಿ ಹೋಗಿ ನೋಡಿದ್ದೀವಿ. ಸ್ಟಾಪಲ್ಲಿ ಕಾಯೋರು ಸೊನ್ನೆ. ಆರೂ ಮುಕ್ಕಾಲಿಗೆ ಸೊನ್ನೆ, ಏಳಕ್ಕೆ ಸೊನ್ನೆ."

ದೊಡ್ಡ ಸ್ಟಾಪಿಗೆ ಒಬ್ಬ ಮನುಷ್ಯನನ್ನು ನಿಲ್ಲಿಸಿ ಎಣಿಸಿದ್ದರು. ಚಿಕ್ಕದಕ್ಕೆ ಜೀಪು ಸಾಕಾಗಿತ್ತು. ಜೀಪು ಆರು ನಲವತ್ತೈದಕ್ಕೆ ಹಾದುಹೋಗುವಾಗ ನನ್ನ ಜನ ಡೇರಿಯಲ್ಲಿದ್ದರು, ಗದ್ದೆಯಲ್ಲಿದ್ದರು. ಏಳಕ್ಕೆ ಮತ್ತೆ ಹಾದುಹೋಗುವಾಗ ನನ್ನ ಬಸ್ಸಿನೊಳಗೆ ಕೂತಿದ್ದರು. ನಾನು ಹಾರ್ನಿನ ಕಥೆಯನ್ನೆಲ್ಲ ಹೇಳಿದೆ. ಅವನು ಗಮನ ಕೊಟ್ಟೇ ಕೇಳಿದ, ನಕ್ಕ.

"ಚೆನ್ನಾಗಿದೆ. ಆದ್ರೆ ಹಾರ್ನಿಗೆ ನಮ್ಮ ಫಾರಂನಲ್ಲಿ ಕಾಲಂ ಇಲ್ಲ. ಕಾಯೋ ಜನ ಇದ್ರೆ ಸ್ಟಾಪು ಬೇಕು ಅಂತ ಅರ್ಥ. ಇಲ್ದಿದ್ರೆ ಬೇಡ. ಅಲ್ಲಿ ಬಸ್ಸು ನಿಲ್ಲಿಸದೇ ಇದ್ರೆ ಪ್ರತಿ ಪ್ರಯಾಣಿಕರಿಗೂ ಮುಕ್ಕಾಲು ನಿಮಿಷ ಉಳಿಯುತ್ತೆ. ವರ್ಷಕ್ಕೆ ಎಷ್ಟಾಗುತ್ತೆ ಲೆಕ್ಕ ಹಾಕಿ."

ಆ ಮುಕ್ಕಾಲು ನಿಮಿಷದಲ್ಲಿ ನನ್ನ ಪ್ರಯಾಣಿಕರು ಏನು ಮಾಡುತ್ತಾರೆ ಎಂದು ನನಗೆ ಗೊತ್ತು. ಮಂಡ್ಯದಲ್ಲಿ ಇಳಿದ ಗಂಡಸು ಮೊದಲು ಹೋಗಿ ಗೋಡೆಗೆ ಮುಖ ಮಾಡಿ ನಿಲ್ಲುತ್ತಾನೆ, ಆಮೇಲೆ ಬೀಡಿ ಹಚ್ಚುತ್ತಾನೆ. ಅದಕ್ಕೂ ಒಂದು ಬೆಲೆ ಬರೆದಿರುತ್ತಾರೆ, ಅಕ್ಕನ ಒಂದೂವರೆ ಮೈಲಿಗಿಂತ ಜಾಸ್ತಿಯೇ.

ಬೇಡಿಕೊಂಡೆ ಎಂದು ಬರೆಯಲು ಕೈ ಬರುವುದಿಲ್ಲ, ಆದರೆ ಬೇಡಿಕೊಂಡೆ. ಅವನು ಒಪ್ಪಿದ. ಗುರುವಾರ ಬೆಳಗ್ಗೆ ಅದೇ ಹೊತ್ತಿಗೆ, ಅದೇ ಜೀಪಿನಲ್ಲಿ ಇನ್ನೊಂದು ಸಲ ನೋಡುತ್ತೇನೆ, ಜನ ಇದ್ದರೆ ಸೇರಿಸುತ್ತೇನೆ ಎಂದ. ಅವನ ಮಟ್ಟಿಗೆ ಅದು ದೊಡ್ಡ ಉಪಕಾರ.

ಅಕ್ಕನ ಮನೆಗೆ ಹೋಗಿ ವಿಷಯ ಹೇಳಿದೆ. ಗುರುವಾರ ಎಲ್ಲರೂ ಆರೂವರೆಗೇ ಬಂದು ಸ್ಟಾಪಿನಲ್ಲಿ ನಿಂತುಬಿಡಿ ಎಂದೆ. ಅಕ್ಕ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು.

"ಆರೂ ಮುಕ್ಕಾಲ್‌ಗಂಟ ಡೇರಿ ತೆಗ್ದಿರ್ತದೆ. ಆಲ್ ಆಕ್ದೆ ಬಂದು ನಿಂತ್ಕಂಡ್ರೆ ಆಲ ನಿನ್ ಎಂಜಿನ್ ಸಾಹೇಬ ಕುಡಿತಾನಾ?"

"ಮತ್ತೆ ಏನ್ ಮಾಡೋದು?"

"ನೀನ್ ಲೇಟಾಗ್ ಬಾ."

"ನಾನು?"

"ಊಂ ಕಣ್ಲಾ. ಅದ್ನೈದ್ ನಿಮ್ಸ ತಡ ಮಾಡು. ಪೀಪಿ ಊದ್ಬ್ಯಾಡ. ಆಲ್ ಆಕ್ಬುಟ್ಟು ಎಲ್ರೂ ಬಂದ್ ನಿಂತ್ಕತ್ತೀವಿ. ಏಳ್ ಗಂಟೆಗೆ ಆ ಜೀಪ್ ಬಂದು ಎಣಿಸ್ಕೊಂಡ್ ಓಗ್ಲಿ. ಆಮ್ಯಾಕ್ ನೀ ಬಾ."

"ಆಗಲ್ಲ ಕಣಕ್ಕ."

"ಯಾಕಾಗಕಿಲ್ಲ?"

ಯಾಕೆ ಎಂದರೆ ಏನು ಹೇಳುವುದು? ಎಂಜಿನ್ನಿಗೆ ನೀರು ಸೋರುವಾಗಲೂ, ಮಗನ ಮದುವೆಯ ಮಾರನೆಯ ದಿನವೂ, ಜ್ವರದಲ್ಲಿ ಹಣೆಗೆ ಒದ್ದೆ ಟವಲು ಸುತ್ತಿಕೊಂಡೂ ಆರು ಐವತ್ತಕ್ಕೆ ಆ ತೂಬಿನ ಮುಂದೆ ಬ್ರೇಕು ಹಾಕಿದ್ದೇನೆ. ಓದಿದವರಿಗೆ ಗೋಡೆಗೆ ನೇತುಹಾಕಲು ಸರ್ಟಿಫಿಕೇಟು ಇರುತ್ತದೆ. ನನಗೆ ಇದು. "ಇಪ್ಪತ್ತೆಂಟ್ ವರ್ಷ ಲೇಟಾಗಿಲ್ಲ" ಎಂದೆ.

ಅಕ್ಕ ಮೊರ ಕೆಳಗಿಟ್ಟಳು. "ಮೂವತ್ ವರ್ಸದಿಂದ ಮಂಕ್ರಿ ಒತ್ತಿವ್ನಿ, ಈ ಕತ್ತ ನೋಡು. ಇನ್ ಒಂದೂವರೆ ಮೈಲಿ ಒತ್ಕೊಂಡ್ ನಡೀ ಅಂದ್ರೆ ನಾ ಮನೇಲ್ ಕುಂತ್ಕಬೇಕು. ಆವಾಗ ದಿಟ್ವಾಗ್ಲೂ ಮನೇಲೇ ಇರ್ತೀನಿ, ಆ ಬೂಟಿನ್ ಉಡ್ಗ ಬರ್ಕೊಂಡಂಗೆ. ನಿಂಗ್ ನಿನ್ ಗಡಿಯಾರ್ವೇ ದೊಡ್ದಾದ್ರೆ ಇಟ್ಕಂಡ್ ಪೂಜೆ ಮಾಡೋಗು."

ಅವಳು ಕೊಟ್ಟ ಕಾಫಿ ಕುಡಿಯದೆ ಎದ್ದು ಬಂದೆ.

ಗುರುವಾರ ಆರು ನಲವತ್ತಾರಕ್ಕೆ ನಾಲೆ ಸೇತುವೆ ಕಂಡಿತು. ಕೈ ತಾನಾಗಿಯೇ ಹಾರ್ನಿಗೆ ಹೋಯಿತು. ವಾಪಸು ತೆಗೆದುಕೊಂಡೆ. ಸೇತುವೆಗೆ ಇನ್ನೂ ಸ್ವಲ್ಪ ದೂರವಿರುವಾಗಲೇ, ಆಳೆತ್ತರ ಬೆಳೆದ ಕಬ್ಬಿನ ಪಕ್ಕ ಬಸ್ಸನ್ನು ಓರೆಗೆ ನಿಲ್ಲಿಸಿ ಎಂಜಿನ್ ಆರಿಸಿದೆ. ಬಸ್ಸಿನಲ್ಲಿದ್ದವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. ನನ್ನ ಬಸ್ಸು ಅಲ್ಲಿ ನಿಂತದ್ದನ್ನು ಅವರು ಕಂಡಿರಲಿಲ್ಲ.

"ಯಾಕ್ಲಾ, ಕೆಟ್ಟೋಯ್ತಾ?" ಎಂದು ಕಂಡಕ್ಟರು ಮುಂದೆ ಬಂದ.

"ಇಲ್ಲ ಕಣ್ಲಾ."

"ಮತ್ತೆ? ಒಟ್ಟೆ ಕೆಟ್ಟದಾ? ಓಗ್ಬರೋದಾದ್ರೆ ಬೇಗ್ ಓಗ್ಬಾ, ಕಬ್ಬೇನೋ ಎತ್ರಕ್ಕವೆ."

ಬಸ್ಸೆಲ್ಲ ನಕ್ಕಿತು. ನಾನು ಮುಂದೆ ನೋಡುತ್ತಾ ಕೂತೆ. ನನ್ನ ಹಿಂದಿನ ಸೀಟಿನಲ್ಲಿ ಮಂಡ್ಯಕ್ಕೆ ಗೃಹಪ್ರವೇಶ ಮಾಡಿಸಲು ಹೊರಟಿದ್ದ ಪುರೋಹಿತರೊಬ್ಬರಿದ್ದರು. ತೊಡೆಯ ಮೇಲೆ ಪಂಚಪಾತ್ರೆಯ ಚೀಲ.

"ಏನಪ್ಪಾ, ಎಂಟೂವರೆಗೆ ಮುಹೂರ್ತ. ನಿನ್ನ ಬಸ್ಸು ಅಂತ ನಂಬಿಕೊಂಡು ಹತ್ತಿದೆನಲ್ಲ" ಎಂದರು.

ಅವರು ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. "ಮುಹೂರ್ತ ತಪ್ಪಲ್ಲ ಸ್ವಾಮಿ" ಎಂದೆ. ಹಿಂದಿನಿಂದ ಯಾವನೋ, "ವಯಸ್ಸಾಯ್ತು ಬುಡಿ ಸ್ವಾಮಿ, ನಿದ್ದೆ ಬಂದೈತೆ ಅವ್ನಿಗೆ" ಎಂದ. ತಿರುಗಿ ನೋಡಲಿಲ್ಲ. ನೋಡಿದ್ದರೆ ಎದ್ದು ಹೋಗಿ ಹೊಡೆಯುತ್ತಿದ್ದೆ.

ಏಳಾಗಿ ಎರಡು ನಿಮಿಷಕ್ಕೆ ಜೀಪು ಸೇತುವೆ ದಾಟಿ ನನ್ನ ಕಡೆಗೇ ಬಂತು. ಪಕ್ಕದಲ್ಲಿ ನಿಧಾನ ಮಾಡಿ ಎಂಜಿನಿಯರು ಟೋಪಿಯ ತಲೆ ಹೊರಗೆ ಹಾಕಿದ. "ಏನ್ ಡ್ರೈವರೇ, ಗಾಡಿ ಕೈ ಕೊಡ್ತಾ?"

ನಾನೇ ತೊಳೆದು, ನಾನೇ ಗ್ರೀಸು ಹಾಕಿ, ಹೆಂಡತಿ ಬೈದರೂ ಭಾನುವಾರ ಸಂಜೆಯೆಲ್ಲ ಕೆಳಗೆ ಮಲಗಿ ನೋಡಿಕೊಳ್ಳುವ ಗಾಡಿ. "ಹೂಂ ಸಾರ್" ಎಂದೆ. ಅವನು ತಲೆಯಾಡಿಸಿ ಸ್ಲೇಟಿನಲ್ಲಿ ಏನೋ ಒತ್ತಿಕೊಂಡು ಹೋದ.

ತೂಬಿನ ಹತ್ತಿರ ಅಷ್ಟೂ ಜನ ರಸ್ತೆ ಬದಿಗೆ ಸಾಲಾಗಿ ನಿಂತಿದ್ದರು, ಫೋಟೊಕ್ಕೆ ನಿಂತವರಂತೆ. ನಿಂತು ಅಭ್ಯಾಸವಿಲ್ಲದ ಜನ, ಕೈ ಎಲ್ಲಿಡಬೇಕೆಂದು ಗೊತ್ತಾಗದೆ ಒದ್ದಾಡುತ್ತಿದ್ದರು. ಅಕ್ಕ ಮಂಕರಿಯನ್ನು ಒದ್ದೆ ಗೋಣಿಯಿಂದ ಮುಚ್ಚಿದ್ದಳು. ಹತ್ತುವಾಗ ನನ್ನ ಮುಖ ನೋಡಿದಳು. ನಾನು ಮಂಡ್ಯದವರೆಗೆ ಕಳೆದ ನಿಮಿಷಗಳನ್ನು ಹಿಡಿಯಲು ಓಡಿಸಿದೆ, ಸಿಕ್ಕಲಿಲ್ಲ. ಪುರೋಹಿತರು ಚೀಲ ಎದೆಗವಚಿಕೊಂಡು ಇಳಿದು ಆಟೋ ಕಡೆಗೆ ಓಡಿದರು.

ಮಧ್ಯಾಹ್ನ ಅಕ್ಕ ವಾಪಸು ಹೊರಡುವ ಮೊದಲು ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕೈಗೆ ನಾಲ್ಕು ಕಟ್ಟು ಸಬ್ಬಸಿಗೆ ಕೊಟ್ಟಳು. ತುದಿ ಬಾಡಿತ್ತು. "ತಗೋ. ಗುತ್ತಲ್ನಾಗೆ ಮೇಷ್ಟ್ರು ಮನೆಯಮ್ಮ ತಳ್ಳುಗಾಡೀಲಿ ತಕ್ಕಂಡ್ಬುಟ್ಟಿದ್ರು. ಇಸ್ಟೊತ್ತಾಯ್ತಲ್ಲ, ಬರಾಕಿಲ್ಲ ಅನ್ಕಂಡ್ವಿ ಅಂದ್ರು. ನಿನ್ ಲೇಟ್ನ ಸೊಪ್ಪು, ನೀನೇ ಬಸ್ಸಾರ್ ಮಾಡಿಸ್ಕೊ." ಕಾಲು ಗಂಟೆಗೆ ನಾಲ್ಕು ಕಟ್ಟು. ಸಮಯಕ್ಕೆ ಬೆಲೆ ಕಟ್ಟುವವರು ಈ ಲೆಕ್ಕವನ್ನು ಯಾವತ್ತೂ ಕೇಳಲಿಲ್ಲ.

ಕೆಲವು ವಾರ ಕಳೆದ ಮೇಲೆ ಎಂಜಿನಿಯರು ಬಸ್‌ಸ್ಟ್ಯಾಂಡಿಗೆ ಬಂದ. ಖುಷಿಯಾಗಿದ್ದ. ತೂಬಿನ ಸ್ಟಾಪು ಉಳಿಯಿತು, ತಡೆಯಲ್ಲಿ ಸಂದು ಬಿಡುತ್ತಾರೆ, ಸೂರು ಮತ್ತು ಕಲ್ಲು ಬೆಂಚು ಸಹ ಬರುತ್ತವೆ ಎಂದ. ಆ ಹಾಳೆ ತೋರಿಸಿ ಎಂದೆ. ಕನ್ನಡದಲ್ಲೇ ಇತ್ತು. ಏಳನೇ ಕ್ಲಾಸಿನ ಓದು ಅದಕ್ಕೆ ಸಾಕಾಯಿತು.

ಸ್ಥಳದಲ್ಲಿ ಪ್ರಯಾಣಿಕರು ಬಹಳ ಹೊತ್ತು ಕಾಯುತ್ತಾರೆ. ಬೆಳಗಿನ ಬಸ್ಸು ಸಮಯಕ್ಕೆ ಬರುವುದಿಲ್ಲ. ವಾಹನದ ಸ್ಥಿತಿ ಕಳಪೆ. ಆದ್ದರಿಂದ ತಂಗುದಾಣ ಅವಶ್ಯ.

ಎರಡು ಸಲ ಓದಿದೆ. "ಇದು ಸುಳ್ಳು ಸಾರ್" ಎಂದೆ.

"ನಾವು ಕಂಡಿದ್ದನ್ನ ಬರೆದಿದ್ದೀವಿ ಡ್ರೈವರೇ."

"ಇಪ್ಪತ್ತೆಂಟ್ ವರ್ಷ ಕಾಣ್ಲಿಲ್ಲ, ಕಾಲ್ ಗಂಟೆ ಕಾಣಿಸ್ತಾ? ಇದ ತಿದ್ದಿ."

ಅವನು ಜೇಬಿನಿಂದ ಪೆನ್ನು ತೆಗೆದ. ಕೆಟ್ಟವನಲ್ಲ, ನಿಜವಾಗಿ ಬೇಸರಪಟ್ಟುಕೊಂಡೇ ಕೇಳಿದ: "ತಿದ್ದಬಹುದು. ಬಸ್ಸು ಸರಿಯಾಗಿ ಬರುತ್ತೆ, ಯಾರೂ ಕಾಯಲ್ಲ ಅಂತ ಬರೆದ್ರೆ ಮತ್ತೆ ಸೊನ್ನೆ. ಸ್ಟಾಪು ಹೋಗುತ್ತೆ. ತಿದ್ದಲಾ?"

ಅಕ್ಕ ಆ ಹೊತ್ತಿಗೆ ಖಾಲಿ ಮಂಕರಿ ಕಂಕುಳಲ್ಲಿಟ್ಟುಕೊಂಡು ನನ್ನ ಬಸ್ಸಿನ ನೆರಳಿನಲ್ಲಿ ಎಲೆಅಡಿಕೆ ಹಾಕುತ್ತಾ ನಿಂತಿದ್ದಳು. ಒಂದು ಕೈ ತಾನಾಗಿ ಕತ್ತಿನ ಹಿಂಭಾಗವನ್ನು ತಿಕ್ಕಿಕೊಳ್ಳುತ್ತಿತ್ತು.

"ಬುಡಿ ಸಾರ್, ಅಂಗೇ ಇರ್ಲಿ" ಎಂದು ಹಾಳೆ ಮಡಚಿ ಅವನ ಕೈಗೆ ಕೊಟ್ಟೆ.

ಸಂಜೆ ಅಕ್ಕನಿಗೆ ಹೇಳಿದೆ, ಕಾಗದದಲ್ಲಿ ನಾನೀಗ ಲೇಟಾಗುವ ಡ್ರೈವರು, ನನ್ನ ಬಸ್ಸು ಗುಜರಿ ಎಂದು. ಅವಳು ಎಲೆಅಡಿಕೆ ಉಗಿದು, "ಕಾಗ್ದ ಬಸ್ಸಿಗತ್ತಾದಾ? ಬಸ್ಸಿಗತ್ತೋರ್‌ಗೆ ಗೊತ್ತು ಬುಡ್ಲಾ" ಎಂದಳು. ಅಷ್ಟೇ ಸಮಾಧಾನ ಅವಳ ಕಡೆಯಿಂದ ಸಿಕ್ಕಿದ್ದು.

ರಸ್ತೆಯಾಯಿತು. ತೂಬಿನ ಹತ್ತಿರ ಹಳದಿ ಬಣ್ಣದ ಸೂರು, ನುಣ್ಣನೆಯ ಕಲ್ಲು ಬೆಂಚು. ಬೆಂಚಿನ ಮೇಲೆ ಹುರುಳಿ ಒಣಗಿಸುತ್ತಾರೆ, ಮಧ್ಯಾಹ್ನ ಒಂದು ನಾಯಿ ಮಲಗುತ್ತದೆ. ಆರು ನಲವತ್ತಾರಕ್ಕೆ ಸೇತುವೆಯ ಮೇಲೆ ನಾನು ಹಾರ್ನ್ ಹೊಡೆಯುತ್ತೇನೆ, ಎರಡು ಉದ್ದ, ಒಂದು ಗಿಡ್ಡ. ರಸ್ತೆ ನುಣ್ಣಗಾದ ಮೇಲೆ ಅಲ್ಲಿಂದ ತೂಬಿಗೆ ಒಂದೂವರೆ ನಿಮಿಷ ಸಾಕು, ಆದರೆ ಅಕ್ಕ ಮಂಕರಿ ಎತ್ತಲು ಬೇಕಾದಷ್ಟು ಹೊತ್ತು ಹಿಡಿದು ಮೊದಲಿನಂತೆಯೇ ನಿಧಾನ ಬರುತ್ತೇನೆ. ಆರು ಐವತ್ತಕ್ಕೆ ಬ್ರೇಕು ಹಾಕುತ್ತೇನೆ. ಕಾಯುವವರಿಗೆಂದು ಕಟ್ಟಿದ ಆ ಬೆಂಚಿನ ಮೇಲೆ ನನ್ನ ಬಸ್ಸಿಗಾಗಿ ಇವತ್ತಿನವರೆಗೆ ಒಬ್ಬರೂ ಕೂತಿಲ್ಲ.